ಸ್ವಯಂ ಕಪ್ಪಾಗುವ ಬೆಸುಗೆ ಶಿರಸ್ತ್ರಾಣ

ಸ್ವಯಂ ಕಪ್ಪಾಗುವ ಬೆಸುಗೆ ಶಿರಸ್ತ್ರಾಣವು ವಿದ್ಯುತ್ ಚಾಪದ ಬೆಸುಗೆಯನ್ನು ಮಾಡುವಾಗ ಕಣ್ಣು, ಮುಖ ಮತ್ತು ಕತ್ತಿನ ಮುಂಭಾಗವನ್ನು ರಕ್ಷಿಸಿಕೊಳ್ಳಲು ಧರಿಸುವ ಸುರಕ್ಷತಾ ಸಾಧನವಾಗಿದೆ. ಇದರ ಕಿಟಕಿಯಲ್ಲಿ ಅಳವಡಿಸಿರುವ ಬೆಳಕಿನ ಶೋಧಕವು ಸಾಮಾನ್ಯ ಬೆಳಕಿನಲ್ಲಿ ತಿಳಿಯಾಗಿರುತ್ತದೆ. ಚಾಪವು ಹೊತ್ತಿಕೊಂಡೊಡನೆ ತಾನಾಗಿಯೇ ಕಪ್ಪಾಗಿ, ಚಾಪವು ಆರಿದ ಬಳಿಕ ಪುನಃ ತಿಳಿಯಾಗುತ್ತದೆ. ಕಾರ್ಯಾಗಾರಗಳ ಆಡುಮಾತಿನಲ್ಲಿ ಇದನ್ನು ಆಟೋ ಡಾರ್ಕ್ ಹೆಲ್ಮೆಟ್ ಅಥವಾ ಕೇವಲ ವೆಲ್ಡಿಂಗ್ ಹೆಲ್ಮೆಟ್ ಎಂದು ಕರೆಯುತ್ತಾರೆ.

ಈ ಸಾಧನವು ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ಕಣ್ಣಿಗೆ ಕಾಣದ ನೇರಳಾತೀತ ಮತ್ತು ಅವಕೆಂಪು ಕಿರಣಗಳನ್ನು ಶೋಧಕದ ಒಂದು ಸ್ಥಿರ ಪದರವು ಎಲ್ಲ ಕಾಲದಲ್ಲಿಯೂ ತಡೆಯುತ್ತದೆ. ಕಣ್ಣು ಕೋರೈಸುವ ಗೋಚರ ಬೆಳಕನ್ನು ವಿದ್ಯುನ್ಮಾನ ಭಾಗವು ತಗ್ಗಿಸುತ್ತದೆ. ಮೊದಲನೆಯ ಕೆಲಸಕ್ಕೆ ವಿದ್ಯುತ್ತು ಬೇಡ, ಎರಡನೆಯದಕ್ಕೆ ಬೇಕು. ಬಾಳಿಕೆ ಬರುವ ಶಿರಸ್ತ್ರಾಣವನ್ನು ಆರಿಸುವಾಗ ಈ ಭೇದವನ್ನು ನೆನಪಿನಲ್ಲಿಡುವುದು ಅಗತ್ಯ. ಕವಚದ ದಪ್ಪವೊಂದೇ ಬಾಳಿಕೆಯನ್ನು ನಿರ್ಧರಿಸುವುದಿಲ್ಲ. ಸವೆಯುವ ಭಾಗಗಳಲ್ಲಿ ಯಾವುದನ್ನು ಬದಲಿಸಬಹುದು, ಯಾವುದು ಕೆಟ್ಟರೆ ಇಡೀ ಸಾಧನವೇ ನಿರುಪಯುಕ್ತವಾಗುತ್ತದೆ ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆಯಾಗಿದೆ.

## ಕಣ್ಣಿಗೆ ಒದಗುವ ಅಪಾಯ

ವಿದ್ಯುತ್ ಚಾಪವು ಮೂರು ಬಗೆಯ ಕಿರಣಗಳನ್ನು ಹೊರಸೂಸುತ್ತದೆ: ನೇರಳಾತೀತ ಕಿರಣ, ಗೋಚರ ಬೆಳಕು ಮತ್ತು ಅವಕೆಂಪು ಕಿರಣ. ಇವು ಕಣ್ಣಿನ ಬೇರೆ ಬೇರೆ ಭಾಗಗಳನ್ನು ಬಾಧಿಸುತ್ತವೆ.

ನೇರಳಾತೀತ ಕಿರಣವನ್ನು ಬಹುಮಟ್ಟಿಗೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯ ಹೀರಿಕೊಳ್ಳುತ್ತದೆ. ಅದರ ಮೇಲ್ಪದರದ ಜೀವಕೋಶಗಳು ಹಾನಿಗೊಂಡಾಗ ಉಂಟಾಗುವ ಉರಿಯೂತವನ್ನು ವೈದ್ಯಶಾಸ್ತ್ರದಲ್ಲಿ ಫೋಟೊಕೆರಟೈಟಿಸ್ ಎಂದೂ ಬೆಸುಗೆಗಾರರಲ್ಲಿ ಆರ್ಕ್ ಐ ಎಂದೂ ಕರೆಯಲಾಗುತ್ತದೆ. ಇದರ ವಿಶೇಷವೆಂದರೆ ನೋವು ಕೂಡಲೇ ಕಾಣಿಸಿಕೊಳ್ಳುವುದಿಲ್ಲ. ಹಗಲು ಕೆಲಸ ಮಾಡಿದವನಿಗೆ ಹಲವು ಗಂಟೆಗಳ ನಂತರ, ಸಾಮಾನ್ಯವಾಗಿ ರಾತ್ರಿಯ ವೇಳೆಗೆ, ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚುವಿಕೆ, ಧಾರಾಕಾರ ಕಣ್ಣೀರು, ಕೆಂಪು ಮತ್ತು ಬೆಳಕನ್ನು ನೋಡಲಾಗದ ಸ್ಥಿತಿ ಉಂಟಾಗುತ್ತದೆ. ಸಾಮಾನ್ಯವಾಗಿ ಇದು ಒಂದೆರಡು ದಿನಗಳಲ್ಲಿ ಗುಣವಾಗುತ್ತದೆ. ಗುಣವಾಗುತ್ತದೆ ಎಂಬ ಕಾರಣಕ್ಕೇ ಅನೇಕರು ಇದನ್ನು ವೃತ್ತಿಯ ಸಹಜ ಅಂಗವೆಂದು ಭಾವಿಸಿ, ರಕ್ಷಣೆಯಿಲ್ಲದೆ ಮತ್ತೆ ಮತ್ತೆ ಚಾಪಕ್ಕೆ ಕಣ್ಣೊಡ್ಡುತ್ತಾರೆ.

ಗೋಚರ ಬೆಳಕಿನಲ್ಲಿರುವ ನೀಲಿ ಅಂಶ ಮತ್ತು ಸಮೀಪದ ಅವಕೆಂಪು ಕಿರಣಗಳು ಕಾರ್ನಿಯ ಮತ್ತು ಮಸೂರಗಳನ್ನು ದಾಟಿ ಅಕ್ಷಿಪಟಲವನ್ನು ತಲುಪುತ್ತವೆ. ಚಾಪವನ್ನು ನೇರವಾಗಿ ದಿಟ್ಟಿಸಿದಾಗ ಅಕ್ಷಿಪಟಲದ ಮಧ್ಯಭಾಗಕ್ಕೆ ಆಗುವ ಗಾಯವು ಶಾಶ್ವತವಾಗಿ ಉಳಿಯಬಹುದು. ದೀರ್ಘಕಾಲ ಅವಕೆಂಪು ಕಿರಣಕ್ಕೆ ಒಡ್ಡಿಕೊಂಡವರಲ್ಲಿ ಮಸೂರವು ಮಬ್ಬಾಗಿ ಕಣ್ಣಿನ ಪೊರೆ ಬೆಳೆಯುವುದು ಗಾಜಿನ ಕುಲುಮೆಗಳ ಕೆಲಸಗಾರರಲ್ಲಿ ಬಹಳ ಹಿಂದೆಯೇ ಗುರುತಿಸಲ್ಪಟ್ಟಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ನಡೆಸಿದ ಪರಾಮರ್ಶೆಯಲ್ಲಿ ಬೆಸುಗೆಯ ಹೊಗೆಯನ್ನೂ ಬೆಸುಗೆಯಿಂದ ಹೊಮ್ಮುವ ನೇರಳಾತೀತ ಕಿರಣವನ್ನೂ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ಒಂದನೆಯ ಗುಂಪಿಗೆ ಸೇರಿಸಿತು.

ಅಪಾಯವು ಬೆಸುಗೆಗಾರನಿಗೆ ಮಾತ್ರ ಸೀಮಿತವಲ್ಲ. ಕೆಲಸದ ತುಂಡನ್ನು ಹಿಡಿದು ನಿಂತ ಸಹಾಯಕ, ಪಕ್ಕದ ಮೇಜಿನಲ್ಲಿ ದುಡಿಯುವವನು ಮತ್ತು ಕುತೂಹಲದಿಂದ ನೋಡುವ ಮಕ್ಕಳು ಸಹ ಇದೇ ಕಿರಣಗಳಿಗೆ ಗುರಿಯಾಗುತ್ತಾರೆ. ಗೋಡೆ ಅಥವಾ ಹೊಳೆಯುವ ತಗಡಿನಿಂದ ಪ್ರತಿಫಲಿಸಿದ ಕಿರಣವೂ ಹಾನಿಕರವಾಗಿರುತ್ತದೆ.

## ಇತಿಹಾಸ

ರಷ್ಯಾದ ನಿಕೊಲಾಯ್ ಬೆನಾರ್ಡೋಸ್ 1881ರಲ್ಲಿ ಇಂಗಾಲದ ವಿದ್ಯುದಾಗ್ರವನ್ನು ಬಳಸಿ ಚಾಪದ ಬೆಸುಗೆಯನ್ನು ರೂಪಿಸಿದನು. ಬೆಸುಗೆಯು ಕಾರ್ಖಾನೆಗಳಲ್ಲಿ ಬಳಕೆಗೆ ಬಂದಂತೆ ಕಪ್ಪು ಗಾಜನ್ನು ಜೋಡಿಸಿದ ಕೈಗುರಾಣಿಗಳೂ ತಲೆಗೆ ಧರಿಸುವ ಮುಖಕವಚಗಳೂ ರೂಢಿಗೆ ಬಂದವು. ಇವುಗಳಲ್ಲಿ ಗಾಜು ಯಾವಾಗಲೂ ಕಪ್ಪಾಗಿಯೇ ಇರುತ್ತದೆ. ಚಾಪ ಹೊತ್ತಿಕೊಳ್ಳುವವರೆಗೆ ಬೆಸುಗೆಗಾರನಿಗೆ ಏನೂ ಕಾಣುವುದಿಲ್ಲ. ಆದುದರಿಂದ ಅವನು ರಾಡಿನ ತುದಿಯನ್ನು ಜಾಗಕ್ಕೆ ಹಿಡಿದು, ತಲೆಯನ್ನು ಕೊಡವಿ ಕವಚವನ್ನು ಕೆಳಗಿಳಿಸಿ, ಅನಂತರ ಅಂದಾಜಿನ ಮೇಲೆ ಚಾಪವನ್ನು ಹೊತ್ತಿಸಬೇಕಾಗುತ್ತದೆ. ಈ ನಡುವೆ ಕೈ ಸರಿದರೆ ಬೆಸುಗೆಯು ತಪ್ಪು ಜಾಗದಲ್ಲಿ ಆರಂಭವಾಗುತ್ತದೆ. ದಿನಕ್ಕೆ ನೂರಾರು ಸಲ ತಲೆ ಕೊಡವುವುದರಿಂದ ಕತ್ತು ನೋಯುತ್ತದೆ.

ಈ ತೊಂದರೆಗೆ ಪರಿಹಾರವು ದ್ರವ ಸ್ಫಟಿಕಗಳ ಅಧ್ಯಯನದಿಂದ ಬಂದಿತು. ದ್ರವದಂತೆ ಹರಿಯುವ, ಆದರೆ ಸ್ಫಟಿಕದಂತೆ ಬೆಳಕನ್ನು ನಡೆಸಿಕೊಳ್ಳುವ ಈ ವಸ್ತುಸ್ಥಿತಿಯನ್ನು ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಸರ್ 1888ರಲ್ಲಿ ಗಮನಿಸಿದನು. ಸ್ವಿಟ್ಜರ್ಲೆಂಡಿನಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್ಫ್ರಿಶ್ 1970ರಲ್ಲಿ ತಿರುಚಿದ ದ್ರವ ಸ್ಫಟಿಕದ ಕೋಶವನ್ನು ರೂಪಿಸಿ, ಅಲ್ಪ ವಿದ್ಯುತ್ ವಿಭವದಿಂದ ಬೆಳಕನ್ನು ಬಿಡಲೂ ತಡೆಯಲೂ ಸಾಧ್ಯವೆಂದು ತೋರಿಸಿದರು. ಕೈಗಡಿಯಾರ ಮತ್ತು ಕ್ಯಾಲ್ಕ್ಯುಲೇಟರುಗಳ ಅಂಕಿಫಲಕಗಳಲ್ಲಿ ಬಳಕೆಯಾದ ತತ್ತ್ವವೂ ಇದೇ ಆಗಿದೆ. ಸ್ವೀಡನ್ನಿನ ಓಕೆ ಹೊರ್ನೆಲ್ ಇದನ್ನು ಬೆಸುಗೆಯ ಕಿಟಕಿಗೆ ಅಳವಡಿಸಿದನು. ಅವನ ಕಂಪನಿಯ ಸ್ಪೀಡ್‌ಗ್ಲಾಸ್ ಎಂಬ ಶೋಧಕವು 1981ರಲ್ಲಿ ಮಾರುಕಟ್ಟೆಗೆ ಬಂದಿತು. ಆ ಕಂಪನಿಯನ್ನು 2004ರಲ್ಲಿ ಅಮೆರಿಕದ 3ಎಮ್ ಸಂಸ್ಥೆಯು ಕೊಂಡುಕೊಂಡಿತು. ಈಗ ಹಲವು ದೇಶಗಳ ತಯಾರಕರು ಇಂತಹ ಶಿರಸ್ತ್ರಾಣಗಳನ್ನು ತಯಾರಿಸುತ್ತಾರೆ.

## ರಚನೆ ಮತ್ತು ಕಾರ್ಯವಿಧಾನ

ಶಿರಸ್ತ್ರಾಣದಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿವೆ: ಹೊರಗಿನ ಕವಚ, ತಲೆಪಟ್ಟಿ, ಶೋಧಕದ ಪೆಟ್ಟಿಗೆ ಮತ್ತು ಅದರ ಎರಡೂ ಬದಿಗಿರುವ ಪಾರದರ್ಶಕ ರಕ್ಷಣಾ ಹಾಳೆಗಳು.

ಶೋಧಕದ ಪೆಟ್ಟಿಗೆಯೊಳಗೆ ಹಲವು ಪದರಗಳನ್ನು ಒಂದರ ಹಿಂದೊಂದರಂತೆ ಅಂಟಿಸಲಾಗಿರುತ್ತದೆ. ಎಲ್ಲಕ್ಕಿಂತ ಮುಂದಿರುವ ಗಾಜಿನ ಮೇಲೆ ಅತಿ ತೆಳುವಾದ ಲೇಪನಗಳಿದ್ದು, ಅವು ನೇರಳಾತೀತ ಮತ್ತು ಅವಕೆಂಪು ಕಿರಣಗಳನ್ನು ಹಿಂದಕ್ಕೆ ಕಳುಹಿಸುತ್ತವೆ. ಇದು ಸ್ಥಿರ ಪದರ. ಅದರ ಹಿಂದೆ ಧ್ರುವೀಕಾರಕ ಹಾಳೆಗಳು ಮತ್ತು ಅವುಗಳ ನಡುವೆ ದ್ರವ ಸ್ಫಟಿಕದ ಕೋಶಗಳು ಇರುತ್ತವೆ. ಬೆಳಕು ಮೊದಲನೆಯ ಧ್ರುವೀಕಾರಕವನ್ನು ದಾಟಿದಾಗ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಕೋಶದಲ್ಲಿನ ಕಡ್ಡಿಯಾಕಾರದ ಅಣುಗಳು ಮೆಟ್ಟಿಲುಗಳಂತೆ ತಿರುಚಿಕೊಂಡಿರುವುದರಿಂದ ಆ ಬೆಳಕಿನ ಕಂಪನದ ದಿಕ್ಕೂ ತಿರುಗಿ, ಎರಡನೆಯ ಧ್ರುವೀಕಾರಕದ ಮೂಲಕ ಹೊರಬರುತ್ತದೆ. ಕೋಶಕ್ಕೆ ವಿದ್ಯುತ್ ವಿಭವವನ್ನು ಕೊಟ್ಟಾಗ ಅಣುಗಳು ನೆಟ್ಟಗಾಗುತ್ತವೆ; ಬೆಳಕಿನ ದಿಕ್ಕು ತಿರುಗುವುದಿಲ್ಲ; ಎರಡನೆಯ ಧ್ರುವೀಕಾರಕವು ಅದನ್ನು ತಡೆಯುತ್ತದೆ. ಆಗ ಕಿಟಕಿ ಕಪ್ಪಾಗುತ್ತದೆ.

ಚಾಪ ಹೊತ್ತಿದುದನ್ನು ತಿಳಿಯಲು ಶೋಧಕದ ಅಂಚಿನಲ್ಲಿ ಎರಡರಿಂದ ನಾಲ್ಕು ಬೆಳಕಿನ ಸಂವೇದಕಗಳಿರುತ್ತವೆ. ಅನೇಕ ಮಾದರಿಗಳಲ್ಲಿ ಕಪ್ಪಾಗುವ ಕ್ರಿಯೆಯು ಒಂದು ಸೆಕೆಂಡಿನ 25,000ದಲ್ಲಿ ಒಂದು ಭಾಗದಷ್ಟು ಅಲ್ಪಕಾಲದಲ್ಲಿ ಮುಗಿಯುತ್ತದೆ. ಇದು 0.04 ಮಿಲಿಸೆಕೆಂಡು. ಮನುಷ್ಯನು ರೆಪ್ಪೆ ಬಡಿಯಲು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೂ ಹೆಚ್ಚು ಸಮಯ ಬೇಕಾಗುವುದರಿಂದ, ಹೊಳಪನ್ನು ಕಂಡು ಕಣ್ಣು ಮುಚ್ಚಿಕೊಳ್ಳುವ ಸ್ವಭಾವವನ್ನು ನಂಬಿ ಬೆಸುಗೆ ಮಾಡುವುದು ನಿಷ್ಪ್ರಯೋಜಕ.

ವಿದ್ಯುತ್ ಪೂರೈಕೆಯು ಬ್ಯಾಟರಿಯಿಂದ, ಸೌರಕೋಶದಿಂದ ಅಥವಾ ಎರಡರಿಂದಲೂ ಆಗುತ್ತದೆ. ಬ್ಯಾಟರಿ ಪೂರ್ತಿ ಖಾಲಿಯಾದಾಗ ಹೆಚ್ಚಿನ ಶೋಧಕಗಳು ತಿಳಿ ಸ್ಥಿತಿಯಲ್ಲಿಯೇ ಉಳಿಯುತ್ತವೆ. ಆಗಲೂ ಸ್ಥಿರ ಪದರವು ಕಾಣದ ಕಿರಣಗಳನ್ನು ತಡೆಯುತ್ತಿರುತ್ತದೆ. ಆದರೆ ಗೋಚರ ಬೆಳಕು ಅಕ್ಷಿಪಟಲವನ್ನು ತಲುಪುವುದರಿಂದ ಆ ಸ್ಥಿತಿಯಲ್ಲಿ ಬೆಸುಗೆ ಮುಂದುವರಿಸುವುದು ಸುರಕ್ಷಿತವಲ್ಲ.

## ಶೇಡ್ ಸಂಖ್ಯೆ

ಶೋಧಕದ ಕಪ್ಪಿನ ಪ್ರಮಾಣವನ್ನು ಶೇಡ್ ಸಂಖ್ಯೆಯಿಂದ ಸೂಚಿಸಲಾಗುತ್ತದೆ. ಇದು ಲಘುಗಣಕದ ಅಳತೆಯಾಗಿದ್ದು, ಸಂಖ್ಯೆ ಒಂದು ಹೆಚ್ಚಾದಾಗ ಒಳಬರುವ ಬೆಳಕು ಸುಮಾರು 2.7ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಶೇಡ್ 4ರಲ್ಲಿ ಸುಮಾರು ಶೇಕಡ 5ರಷ್ಟು ಬೆಳಕು ಒಳಬಂದರೆ, ಶೇಡ್ 10ರಲ್ಲಿ ಬರುವುದು ಸುಮಾರು ಶೇಕಡ 0.014 ಮಾತ್ರ. ಆದುದರಿಂದ ಶೇಡ್ 9 ಮತ್ತು 11ರ ನಡುವಿನ ಅಂತರವು ಸಂಖ್ಯೆಯಲ್ಲಿ ಎರಡೇ ಆದರೂ ಬೆಳಕಿನ ಲೆಕ್ಕದಲ್ಲಿ ಏಳು ಪಟ್ಟು.

ಸಾಮಾನ್ಯ ಮಾದರಿಗಳಲ್ಲಿ ತಿಳಿ ಸ್ಥಿತಿಯು ಶೇಡ್ 3 ಅಥವಾ 4 ಆಗಿದ್ದು, ಕಪ್ಪು ಸ್ಥಿತಿಯನ್ನು ಶೇಡ್ 9ರಿಂದ 13ರವರೆಗೆ ಹೊಂದಿಸಬಹುದು. ಎಷ್ಟು ಕಪ್ಪು ಬೇಕೆಂಬುದು ಬೆಸುಗೆಯ ವಿಧಾನ ಮತ್ತು ವಿದ್ಯುತ್ ಪ್ರವಾಹವನ್ನು ಅವಲಂಬಿಸಿದೆ. ಅಮೆರಿಕದಲ್ಲಿ ಬಳಕೆಯಲ್ಲಿರುವ ಮಾರ್ಗದರ್ಶಿಯ ಪ್ರಕಾರ ಸಲಹೆ ನೀಡಲಾದ ಶೇಡ್‌ಗಳು ಹೀಗಿವೆ:

* ರಾಡ್ ಬಳಸುವ ಚಾಪದ ಬೆಸುಗೆ: 60ರಿಂದ 160 ಆಂಪಿಯರ್‌ಗೆ ಶೇಡ್ 10, 160ರಿಂದ 250 ಆಂಪಿಯರ್‌ಗೆ ಶೇಡ್ 12, ಅದಕ್ಕೂ ಹೆಚ್ಚಿನ ಪ್ರವಾಹಕ್ಕೆ ಶೇಡ್ 14.
* ತಂತಿ ಬಳಸುವ ಮಿಗ್ ಬೆಸುಗೆ: 60ರಿಂದ 160 ಆಂಪಿಯರ್‌ಗೆ ಶೇಡ್ 11, 160ರಿಂದ 250 ಆಂಪಿಯರ್‌ಗೆ ಶೇಡ್ 12.
* ಟಂಗ್‌ಸ್ಟನ್ ವಿದ್ಯುದಾಗ್ರದ ಟಿಗ್ ಬೆಸುಗೆ: 50 ಆಂಪಿಯರ್‌ಗಿಂತ ಕಡಿಮೆಯಿದ್ದಾಗ ಶೇಡ್ 10, 50ರಿಂದ 150 ಆಂಪಿಯರ್‌ಗೆ ಶೇಡ್ 12.

ಮೊದಲು ಹೆಚ್ಚು ಕಪ್ಪಾದ ಶೇಡ್‌ನಿಂದ ಆರಂಭಿಸಿ, ಕರಗಿದ ಲೋಹದ ಕೊಳವು ಸ್ಪಷ್ಟವಾಗಿ ಕಾಣುವವರೆಗೆ ಒಂದೊಂದೇ ಹೆಜ್ಜೆ ಇಳಿಸುವುದು ಸರಿಯಾದ ಕ್ರಮ. ಆದರೆ ಆ ಕೆಲಸಕ್ಕೆ ನಿಗದಿಯಾದ ಕನಿಷ್ಠ ಶೇಡ್‌ಗಿಂತ ಕೆಳಗೆ ಇಳಿಸಬಾರದು.

## ಮಾನಕಗಳು ಮತ್ತು ಗುರುತುಗಳು

ಭಾರತದಲ್ಲಿ ಬೆಸುಗೆಯ ಸಮಯದ ಕಣ್ಣು ಮತ್ತು ಮುಖದ ರಕ್ಷಣಾ ಸಾಧನಗಳಿಗೆ ಐಎಸ್ 1179 ಎಂಬ ಮಾನಕವಿದೆ. ಇದು ಸ್ವಯಂ ಕಪ್ಪಾಗುವ ಶೋಧಕಗಳು ಮಾರುಕಟ್ಟೆಗೆ ಬರುವ ಮೊದಲೇ, 1967ರಲ್ಲಿ, ರೂಪುಗೊಂಡುದು. ಆದುದರಿಂದ ಸ್ವಯಂ ಕಪ್ಪಾಗುವ ಶಿರಸ್ತ್ರಾಣಗಳ ಮೇಲೆ ಹೆಚ್ಚಾಗಿ ಯುರೋಪಿನ ಅಥವಾ ಅಮೆರಿಕದ ಮಾನಕಗಳ ಗುರುತುಗಳು ಕಂಡುಬರುತ್ತವೆ.

ಯುರೋಪಿನ ಇಎನ್ 379 ಮಾನಕವು ಸ್ವಯಂ ಕಪ್ಪಾಗುವ ಶೋಧಕಗಳಿಗೆ ಸಂಬಂಧಿಸಿದೆ. ಇದರ ಪ್ರಕಾರ ಶೋಧಕದ ಗುಣವನ್ನು 1/1/1/2 ಎಂಬಂತೆ ನಾಲ್ಕು ಅಂಕಿಗಳಲ್ಲಿ ನಮೂದಿಸುತ್ತಾರೆ. ಮೊದಲನೆಯ ಅಂಕಿ ದೃಶ್ಯದ ವಿರೂಪವನ್ನು, ಎರಡನೆಯದು ಬೆಳಕಿನ ಚದರುವಿಕೆಯನ್ನು, ಮೂರನೆಯದು ಕಿಟಕಿಯ ಉದ್ದಗಲಕ್ಕೂ ಕಪ್ಪು ಸಮನಾಗಿದೆಯೇ ಎಂಬುದನ್ನು ಮತ್ತು ನಾಲ್ಕನೆಯದು ಓರೆಯಾಗಿ ನೋಡಿದಾಗ ಕಪ್ಪು ಎಷ್ಟು ಬದಲಾಗುತ್ತದೆ ಎಂಬುದನ್ನು ಸೂಚಿಸುತ್ತವೆ. 1 ಉತ್ತಮ, 3 ಕನಿಷ್ಠ. ಇಕ್ಕಟ್ಟಾದ ಮೂಲೆಗಳಲ್ಲಿ ತಲೆಯನ್ನು ವಾರೆ ಮಾಡಿ ದುಡಿಯುವವರಿಗೆ ನಾಲ್ಕನೆಯ ಅಂಕಿಯು ಮುಖ್ಯ. ಈಚೆಗೆ ಇಎನ್ 379ರ ಸ್ಥಾನಕ್ಕೆ ಐಎಸ್ಒ 16321 ಸರಣಿಯ ಮಾನಕಗಳು ಬಂದಿವೆ.

ಅಮೆರಿಕದ ಎಎನ್ಎಸ್ಐ ಝಡ್ 87.1 ಮಾನಕದಲ್ಲಿ, ಝಡ್ 87ರ ಮುಂದೆ ಕೂಡಿಸುವ ಚಿಹ್ನೆ ಇದ್ದರೆ ಆ ಸಾಧನವು ಆಘಾತ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದರ್ಥ. ಆ ಪರೀಕ್ಷೆಗಳಲ್ಲೊಂದರಲ್ಲಿ 500 ಗ್ರಾಂ ತೂಕದ ಮೊನಚು ತುದಿಯ ವಸ್ತುವನ್ನು 127 ಸೆಂ.ಮೀ. ಎತ್ತರದಿಂದ ಸಾಧನದ ಮೇಲೆ ಬೀಳಿಸಲಾಗುತ್ತದೆ. ಕಟ್ಟಿಂಗ್ ಚಕ್ರದ ಚೂರು, ಸ್ಲ್ಯಾಗ್ ಎಂದು ಕರೆಯುವ ಕಿಟ್ಟದ ತುಣುಕುಗಳು ಹಾರುವ ಕಾರ್ಯಾಗಾರದಲ್ಲಿ ಈ ಗುರುತಿಗೆ ಅರ್ಥವಿದೆ.

ಗುರುತುಗಳು ಪೆಟ್ಟಿಗೆಯ ಮೇಲಿನ ಕಾಗದದಲ್ಲಿದ್ದರೆ ಸಾಲದು. ಅವು ಶೋಧಕದ ಮೇಲೆ ಮತ್ತು ಕವಚದ ಮೇಲೆ ಪ್ರತ್ಯೇಕವಾಗಿ ಅಚ್ಚಾಗಿರಬೇಕು. ತಯಾರಕರ ಹೆಸರೂ ಮಾದರಿಯ ಸಂಖ್ಯೆಯೂ ಇಲ್ಲದ ಶಿರಸ್ತ್ರಾಣದಲ್ಲಿ ಸ್ಥಿರ ಪದರವು ನಿಜವಾಗಿಯೂ ಇದೆಯೇ ಎಂಬುದನ್ನು ಬರಿಗಣ್ಣಿನಿಂದ ತಿಳಿಯಲು ಸಾಧ್ಯವಿಲ್ಲ. ಕಿಟಕಿ ಕಪ್ಪಾಗುವುದು ಕಣ್ಣಿಗೆ ಕಾಣುತ್ತದೆ; ಕಾಣದ ಕಿರಣಗಳು ತಡೆಯಲ್ಪಟ್ಟಿರುವುದು ಕಾಣುವುದಿಲ್ಲ.

## ಬಾಳಿಕೆಯ ದೃಷ್ಟಿಯಿಂದ ಆಯ್ಕೆ

### ಬ್ಯಾಟರಿ

ಕೆಲವು ಅಗ್ಗದ ಮಾದರಿಗಳಲ್ಲಿ ಬ್ಯಾಟರಿಯನ್ನು ಶೋಧಕದ ಪೆಟ್ಟಿಗೆಯೊಳಗೆ ಸೇರಿಸಿ ಮುಚ್ಚಲಾಗಿರುತ್ತದೆ. ಅದರ ಆಯುಷ್ಯ ಮುಗಿದಾಗ, ಉಳಿದೆಲ್ಲ ಭಾಗಗಳು ಸುಸ್ಥಿತಿಯಲ್ಲಿದ್ದರೂ ಶೋಧಕವನ್ನೇ ಎಸೆಯಬೇಕಾಗುತ್ತದೆ. ಸಿಆರ್ 2032 ಅಥವಾ ಸಿಆರ್ 2450ರಂತಹ ನಾಣ್ಯಾಕಾರದ ಬ್ಯಾಟರಿಯನ್ನು, ಇಲ್ಲವೇ ಸಾಮಾನ್ಯ ಎಎಎ ಬ್ಯಾಟರಿಯನ್ನು, ಬೆರಳಿನಿಂದಲೇ ತೆಗೆದು ಹಾಕಬಹುದಾದ ಮಾದರಿಯು ಹೆಚ್ಚು ಕಾಲ ಬಾಳುತ್ತದೆ. ಸೌರಕೋಶವಿದೆ ಎಂದ ಮಾತ್ರಕ್ಕೆ ಬ್ಯಾಟರಿ ಇಲ್ಲವೆಂದು ತಿಳಿಯಬಾರದು. ಅನೇಕ ಮಾದರಿಗಳಲ್ಲಿ ಸೌರಕೋಶವು ಬ್ಯಾಟರಿಗೆ ನೆರವಾಗುತ್ತದೆಯೇ ಹೊರತು ಅದರ ಸ್ಥಾನವನ್ನು ತುಂಬುವುದಿಲ್ಲ.

### ರಕ್ಷಣಾ ಹಾಳೆಗಳು

ಶೋಧಕದ ಮುಂದಿರುವ ಪಾಲಿಕಾರ್ಬೊನೇಟ್ ಹಾಳೆಯು ಸಿಡಿದ ಲೋಹದ ಹನಿಗಳನ್ನು ತನ್ನ ಮೇಲೆ ತೆಗೆದುಕೊಂಡು ದುಬಾರಿಯಾದ ಶೋಧಕವನ್ನು ಉಳಿಸುತ್ತದೆ. ಎಲ್ಲ ಭಾಗಗಳಿಗಿಂತ ಬೇಗನೆ ಹಾಳಾಗುವುದು ಇದೇ. ಹಾಳೆಯು ಮಬ್ಬಾದಾಗ ಕೆಲಸಗಾರನು ಸರಿಯಾಗಿ ಕಾಣಲೆಂದು ಶೇಡ್ ಸಂಖ್ಯೆಯನ್ನು ಇಳಿಸುವುದೋ ಮುಖವನ್ನು ಚಾಪಕ್ಕೆ ಹತ್ತಿರ ಒಯ್ಯುವುದೋ ಸಹಜ, ಎರಡೂ ಅಪಾಯಕರ. ಆದುದರಿಂದ ಶಿರಸ್ತ್ರಾಣವನ್ನು ಕೊಳ್ಳುವ ಮೊದಲು ಅದರ ಹಾಳೆಯು ಸ್ಥಳೀಯ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಬೇಕು. 110 × 90 ಮಿ.ಮೀ. ಅಳತೆಯ ಶೋಧಕ ಪೆಟ್ಟಿಗೆಯು ವ್ಯಾಪಕವಾಗಿ ಬಳಕೆಯಲ್ಲಿದೆ. ಬಾಗಿದ ವಿಶೇಷ ಆಕಾರದ ಹಾಳೆಗಳು ನೋಡಲು ಚೆನ್ನಾಗಿದ್ದರೂ ಅದೇ ತಯಾರಕರಿಂದ ಮಾತ್ರ ದೊರೆಯುತ್ತವೆ. ಸಮತಟ್ಟಾದ ಹಾಳೆಯನ್ನು ಅಳತೆಗೆ ಹೊಂದುವ ಬೇರೆ ಹಾಳೆಯಿಂದಲೂ ಬದಲಿಸಬಹುದು.

### ತಲೆಪಟ್ಟಿ

ನಿತ್ಯ ಬಳಕೆಯಲ್ಲಿ ಮುರಿಯುವುದು ಹೆಚ್ಚಾಗಿ ತಲೆಪಟ್ಟಿಯ ಹಲ್ಲುಗಾಲಿ ಮತ್ತು ಕವಚವನ್ನು ಮೇಲೆತ್ತುವ ತಿರುಗಣೆಗಳು. ತಿರುಗಣೆಯು ಸಡಿಲವಾದರೆ ಎತ್ತಿದ ಕವಚವು ತಾನಾಗಿ ಬೀಳುತ್ತದೆ, ಅಥವಾ ಇಳಿಸಿದಾಗ ಗದ್ದಕ್ಕೆ ತಾಗದೆ ಕೆಳಗಿನಿಂದ ಬೆಳಕು ನುಗ್ಗುತ್ತದೆ. ತಲೆಪಟ್ಟಿಯನ್ನು ಬಿಡಿಭಾಗವಾಗಿ ಮಾರುವ ಮಾದರಿಯನ್ನೇ ಆರಿಸುವುದು ಲೇಸು. ತಲೆಯ ಮೇಲ್ಭಾಗದಲ್ಲಿ ಎರಡು ಪಟ್ಟಿಗಳಿದ್ದರೆ ಭಾರವು ಹಂಚಿಕೆಯಾಗುತ್ತದೆ. ಬೆವರು ಹೀರುವ ಹಣೆಪಟ್ಟಿಯನ್ನು ಬಿಚ್ಚಿ ತೊಳೆಯಲು ಸಾಧ್ಯವಿರಬೇಕು.

ಸಾಮಾನ್ಯ ಶಿರಸ್ತ್ರಾಣಗಳ ತೂಕವು ಅರ್ಧ ಕಿಲೊಗ್ರಾಂ ಆಸುಪಾಸಿನಲ್ಲಿರುತ್ತದೆ. ಭಾರವು ಮುಖದ ಮುಂದೆ ಇರುವುದರಿಂದ ಕತ್ತಿನ ಮೇಲೆ ಬೀಳುವ ಹೊರೆಯು ತೂಕದ ಅಂಕಿಗಿಂತ ಹೆಚ್ಚು. ಕೊಳ್ಳುವ ಮೊದಲು ತಲೆಗೆ ಧರಿಸಿ ಕೆಲವು ನಿಮಿಷ ಬಗ್ಗಿ ನಿಂತು ನೋಡುವುದು ಒಳ್ಳೆಯದು. ಎಷ್ಟೇ ಗಟ್ಟಿಯಾದ ಶಿರಸ್ತ್ರಾಣವಾದರೂ ಕತ್ತು ನೋಯಿಸಿದರೆ ಅದು ಮೂಲೆಯಲ್ಲಿ ತೂಗುಹಾಕಲ್ಪಡುತ್ತದೆ. ತೂಗುಹಾಕಿದ ಶಿರಸ್ತ್ರಾಣವು ಯಾರ ಕಣ್ಣನ್ನೂ ಕಾಯುವುದಿಲ್ಲ.

### ಕವಚ

ಕವಚವನ್ನು ಹೆಚ್ಚಾಗಿ ನೈಲಾನ್ ಅಥವಾ ಪಾಲಿಪ್ರೊಪಿಲೀನ್‌ನಿಂದ ತಯಾರಿಸುತ್ತಾರೆ. ನೈಲಾನ್ ಶಾಖವನ್ನೂ ಪೆಟ್ಟನ್ನೂ ಹೆಚ್ಚು ತಾಳುತ್ತದೆ. ಪಾಲಿಪ್ರೊಪಿಲೀನ್ ಹಗುರ ಮತ್ತು ಅಗ್ಗ. ಆದರೆ ಹೆಚ್ಚಿನ ಪ್ರವಾಹದ ಕೆಲಸದಲ್ಲಿ ಸಮೀಪದ ಶಾಖಕ್ಕೆ ಬೇಗನೆ ಮೆತ್ತಗಾಗುತ್ತದೆ, ತೀವ್ರ ಚಳಿಯಲ್ಲಿ ಬಿರುಸಾಗುತ್ತದೆ. ಕವಚದಲ್ಲಿ ಬಿರುಕು ಬಿಟ್ಟರೆ ಅದರ ಮೂಲಕ ಬೆಳಕು ಒಳಗೆ ಸೋರುತ್ತದೆ. ಅಂಟುಪಟ್ಟಿ ಹಚ್ಚಿ ಮುಂದುವರಿಸುವ ಬದಲು ಕವಚವನ್ನೇ ಬದಲಿಸುವುದು ಸೂಕ್ತ.

### ಸಂವೇದಕ ಮತ್ತು ಹೊಂದಾಣಿಕೆಗಳು

ಗೇಟು, ಕಿಟಕಿಯ ಸರಳು ಮುಂತಾದ ತೆರೆದ ಜಾಗದ ಕೆಲಸಕ್ಕೆ ಎರಡು ಸಂವೇದಕಗಳು ಸಾಕಾಗಬಹುದು. ಕೊಳವೆಯ ಹಿಂಭಾಗ, ವಾಹನದ ಅಡಿಭಾಗದಂತಹ ಸ್ಥಳಗಳಲ್ಲಿ ಕೈ ಅಥವಾ ಲೋಹದ ತುಂಡು ಒಂದು ಸಂವೇದಕಕ್ಕೆ ಅಡ್ಡ ಬಂದರೂ ಇನ್ನೊಂದು ಚಾಪವನ್ನು ಕಾಣುವಂತಿರಬೇಕು. ಅಲ್ಲಿ ನಾಲ್ಕು ಸಂವೇದಕಗಳಿರುವ ಮಾದರಿ ಉಪಯುಕ್ತ. ಕಡಿಮೆ ಪ್ರವಾಹದ ಟಿಗ್ ಚಾಪವು ಮಂದವೂ ಸ್ಥಿರವೂ ಆಗಿರುವುದರಿಂದ ಕೆಲವು ಶೋಧಕಗಳು ಅದನ್ನು ಗುರುತಿಸದೆ ಮಿಣುಕುತ್ತವೆ. ಟಿಗ್ ಕೆಲಸ ಮಾಡುವವರು ತಯಾರಕರು ನಮೂದಿಸಿರುವ ಕನಿಷ್ಠ ಆಂಪಿಯರ್ ಮಿತಿಯನ್ನು ನೋಡಬೇಕು.

ಸಂವೇದನೆಯನ್ನು ಹೆಚ್ಚಿಸಿದರೆ ಮಂದ ಚಾಪಕ್ಕೂ ಶೋಧಕವು ಕಪ್ಪಾಗುತ್ತದೆ. ಆದರೆ ಬಿಸಿಲು ಅಥವಾ ಪಕ್ಕದವರ ಚಾಪಕ್ಕೂ ಕಪ್ಪಾಗಬಹುದು. ಚಾಪ ಆರಿದ ಮೇಲೆ ತಿಳಿಯಾಗಲು ಬಿಡುವ ವಿಳಂಬವನ್ನು ಸಾಮಾನ್ಯವಾಗಿ 0.1ರಿಂದ 1 ಸೆಕೆಂಡಿನವರೆಗೆ ಹೊಂದಿಸಬಹುದು. ಹೆಚ್ಚಿನ ಪ್ರವಾಹದ ಬೆಸುಗೆಯಲ್ಲಿ ಲೋಹದ ಕೊಳವು ಚಾಪ ಆರಿದ ಬಳಿಕವೂ ಬೆಳಗುತ್ತಿರುವುದರಿಂದ ದೀರ್ಘ ವಿಳಂಬವೂ, ಅಲ್ಲಲ್ಲಿ ಟ್ಯಾಕ್ ಹಾಕುವಾಗ ಕಿರು ವಿಳಂಬವೂ ಅನುಕೂಲ.

ಗ್ರೈಂಡಿಂಗ್ ಸ್ಥಿತಿಯೆಂಬ ಹೊಂದಾಣಿಕೆಯಲ್ಲಿ ಶೋಧಕವು ಕಪ್ಪಾಗುವುದೇ ಇಲ್ಲ. ಗ್ರೈಂಡರ್ ಬಳಸಿದ ನಂತರ ಇದನ್ನು ಹಿಂದಕ್ಕೆ ತಿರುಗಿಸಲು ಮರೆತು ಚಾಪ ಹೊತ್ತಿಸುವ ಪ್ರಮಾದಕ್ಕೆ ಇದು ಎಡೆಮಾಡುತ್ತದೆ. ಈ ಸ್ಥಿತಿಯಲ್ಲಿರುವಾಗ ಒಳಗೆ ಮಿನುಗುವ ಸೂಚನಾ ದೀಪವಿರುವ ಮಾದರಿಯು ಹೆಚ್ಚು ಸುರಕ್ಷಿತ.

### ದೃಷ್ಟಿದೋಷವಿರುವವರು

ನಲವತ್ತು ದಾಟಿದ ಬೆಸುಗೆಗಾರರಿಗೆ ಹತ್ತಿರದ ವಸ್ತು ಮಸುಕಾಗಿ ಕಾಣುವುದು ಸಾಮಾನ್ಯ. ಶೋಧಕದ ಹಿಂದೆ ಭೂತಗನ್ನಡಿಯ ಹಾಳೆಯನ್ನು ಸೇರಿಸಲು ಗಾಡಿಯಿರುವ ಶಿರಸ್ತ್ರಾಣಗಳು ದೊರೆಯುತ್ತವೆ. ಕನ್ನಡಕ ಧರಿಸುವವರು ಕನ್ನಡಕದ ಸಮೇತ ಶಿರಸ್ತ್ರಾಣವನ್ನು ಧರಿಸಿ, ಶೋಧಕ ಮತ್ತು ಮೂಗಿನ ನಡುವಿನ ಅಂತರವನ್ನು ಪರಿಶೀಲಿಸಬೇಕು.

## ಬಳಕೆ ಮತ್ತು ನಿರ್ವಹಣೆ

ಶೋಧಕದ ವಿದ್ಯುನ್ಮಾನ ಭಾಗವು ಮುನ್ಸೂಚನೆಯಿಲ್ಲದೆ ಕೆಡಬಹುದು. ಆದುದರಿಂದ ದಿನದ ಮೊದಲ ಚಾಪಕ್ಕೆ ಮುನ್ನ ಅದನ್ನು ಪರೀಕ್ಷಿಸುವ ಅಭ್ಯಾಸವಿರಬೇಕು. ಪರೀಕ್ಷಾ ಗುಂಡಿಯಿದ್ದರೆ ಅದನ್ನು ಒತ್ತಬೇಕು. ಇಲ್ಲವಾದರೆ ಶಿರಸ್ತ್ರಾಣವನ್ನು ಕೈಯಲ್ಲಿ ಹಿಡಿದು ಸಂವೇದಕಗಳನ್ನು ಪ್ರಖರ ಬೆಳಕಿಗೆ ಒಡ್ಡಿ ಕಿಟಕಿ ಕಪ್ಪಾಗುವುದನ್ನು ಗಮನಿಸಬೇಕು. ಶೋಧಕದ ಮೂಲಕ ಸೂರ್ಯನನ್ನು ನೋಡಬಾರದು.

ಸಂವೇದಕಗಳ ಮೇಲೆ ಕಿಡಿ ಅಥವಾ ಧೂಳು ಅಂಟಿದರೆ ಅವು ಚಾಪವನ್ನು ಕಾಣಲಾರವು. ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸುವುದು ಸಾಕು. ಪೆಟ್ರೋಲ್ ಅಥವಾ ಥಿನ್ನರ್ ಪಾಲಿಕಾರ್ಬೊನೇಟ್ ಹಾಳೆಯನ್ನು ಹಾಳುಮಾಡುತ್ತವೆ. ಶೋಧಕವನ್ನು ನೀರಿನಲ್ಲಿ ಅದ್ದಬಾರದು. ಅನೇಕ ಶೋಧಕಗಳು ಮೈನಸ್ 5ರಿಂದ 55 ಡಿಗ್ರಿ ಸೆಲ್ಸಿಯಸ್ ವ್ಯಾಪ್ತಿಗೆ ನಿರ್ಮಿತವಾಗಿವೆ. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದ ಮುಂಗಾಜಿನ ಬಳಿ ಶಿರಸ್ತ್ರಾಣವನ್ನು ಇಡುವುದು ದ್ರವ ಸ್ಫಟಿಕಕ್ಕೆ ಹಾನಿಕರ. ಶೋಧಕದಲ್ಲಿ ಬಿರುಕು, ಒಳಗೆ ತೇವದ ಗುರುತು ಅಥವಾ ಕಪ್ಪಾದಾಗ ಅಲ್ಲಲ್ಲಿ ಬಿಳಿಯ ಕಲೆ ಕಂಡರೆ ಅದನ್ನು ಬಳಕೆಯಿಂದ ತೆಗೆಯಬೇಕು.

ಶಿರಸ್ತ್ರಾಣದ ಒಳಗೆ ಬಿಳಿ ಗಾಜಿನ ಸುರಕ್ಷತಾ ಕನ್ನಡಕವನ್ನು ಧರಿಸುವುದು ಅವಶ್ಯ. ಕವಚವನ್ನು ಮೇಲೆತ್ತಿ ಕಿಟ್ಟವನ್ನು ಕುಟ್ಟಿ ತೆಗೆಯುವಾಗ ಹಾರುವ ತುಣುಕುಗಳಿಂದ ಆಗ ಕಣ್ಣನ್ನು ಕಾಯುವುದು ಆ ಕನ್ನಡಕವೇ.

## ಮಿತಿಗಳು

ಸಾಮಾನ್ಯ ಶಿರಸ್ತ್ರಾಣವು ಬೆಸುಗೆಯ ಹೊಗೆಯನ್ನು ತಡೆಯುವುದಿಲ್ಲ. ಅದಕ್ಕೆ ಗಾಳಿಯ ವ್ಯವಸ್ಥೆ ಅಥವಾ ಉಸಿರಾಟದ ಪ್ರತ್ಯೇಕ ಸಾಧನ ಬೇಕು. ಕೈಯಲ್ಲಿ ಹಿಡಿದು ಬಳಸುವ ಲೇಸರ್ ಬೆಸುಗೆ ಯಂತ್ರಗಳಿಗೆ ಚಾಪದ ಬೆಸುಗೆಯ ಶಿರಸ್ತ್ರಾಣವು ರಕ್ಷಣೆಯಲ್ಲ. ಆ ಲೇಸರಿನ ತರಂಗಾಂತರಕ್ಕೆಂದೇ ತಯಾರಿಸಿದ ಕನ್ನಡಕ ಹಾಗೂ ಮುಖಕವಚಗಳನ್ನು ಬಳಸಬೇಕು.

## ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ 1948ರ ಕಾರ್ಖಾನೆಗಳ ಅಧಿನಿಯಮದ 35ನೆಯ ಪ್ರಕರಣವು, ಹಾರುವ ಚೂರುಗಳಿಂದ ಅಥವಾ ಅತಿಯಾದ ಬೆಳಕಿನಿಂದ ಕಣ್ಣಿಗೆ ಅಪಾಯವಿರುವ ಕೆಲಸಗಳಲ್ಲಿ ತೆರೆಗಳನ್ನು ಅಥವಾ ಸೂಕ್ತ ಕನ್ನಡಕಗಳನ್ನು ಒದಗಿಸುವ ಹೊಣೆಯನ್ನು ಕಾರ್ಖಾನೆಗಳ ಮೇಲೆ ಹೊರಿಸಿತ್ತು. ಆದರೆ ಒಬ್ಬಿಬ್ಬರು ಸೇರಿ ನಡೆಸುವ ಬೆಸುಗೆಯ ಅಂಗಡಿಗಳು ಕೆಲಸಗಾರರ ಸಂಖ್ಯೆಯ ಕಾರಣದಿಂದ ಕಾರ್ಖಾನೆಯ ವ್ಯಾಖ್ಯೆಯೊಳಗೆ ಬರುತ್ತಿರಲಿಲ್ಲ.

ಕರ್ನಾಟಕದಲ್ಲಿ ಬೆಂಗಳೂರಿನ ಪೀಣ್ಯ, ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮುಂತಾದ ಕೈಗಾರಿಕಾ ಪ್ರದೇಶಗಳಲ್ಲಿ ಬೆಸುಗೆಯು ನಿತ್ಯದ ಕೆಲಸ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ವೆಲ್ಡರ್ ಎಂಬ ಒಂದು ವರ್ಷದ ತರಬೇತಿಯಿದೆ. ಇದರ ಹೊರಗೆ, ಪ್ರತಿ ಊರಿನ ರಸ್ತೆಬದಿಯಲ್ಲಿ ಗೇಟು, ಗ್ರಿಲ್, ಟ್ರಾಕ್ಟರ್ ಟ್ರಾಲಿ ಮತ್ತು ನೇಗಿಲುಗಳನ್ನು ಬೆಸೆಯುವ ಅಂಗಡಿಗಳಿವೆ. ಅಲ್ಲಿ ಕೆಲಸವನ್ನು ನೋಡಿ ಕಲಿತವರೇ ಹೆಚ್ಚು. ಕಪ್ಪು ಗಾಜಿನ ಕೈಗುರಾಣಿ ಇದ್ದರೂ, ಒಂದು ಕೈಯಲ್ಲಿ ಹೋಲ್ಡರ್ ಮತ್ತು ಇನ್ನೊಂದು ಕೈಯಲ್ಲಿ ಕಬ್ಬಿಣದ ತುಂಡನ್ನು ಹಿಡಿಯಬೇಕಾದಾಗ ಗುರಾಣಿಯು ನೆಲದ ಮೇಲೆ ಉಳಿಯುತ್ತದೆ. ಒಂದೇ ಟ್ಯಾಕ್ ತಾನೆ ಎಂದು ಮುಖ ತಿರುಗಿಸಿಯೋ ಕಣ್ಣು ಮುಚ್ಚಿಯೋ ಚಾಪ ಹೊತ್ತಿಸುವುದು ಸಾಮಾನ್ಯ ದೃಶ್ಯ. ಸ್ವಯಂ ಕಪ್ಪಾಗುವ ಶಿರಸ್ತ್ರಾಣದ ನಿಜವಾದ ಪ್ರಯೋಜನ ಇಲ್ಲಿದೆ: ಎರಡು ಕೈಗಳೂ ಬಿಡುವಾಗಿರುತ್ತವೆ, ಚಾಪಕ್ಕೆ ಮೊದಲೇ ಜಾಗ ಕಾಣುತ್ತದೆ, ಹೀಗಾಗಿ ಒಂದು ಟ್ಯಾಕಿಗೂ ಅದನ್ನು ತೆಗೆದಿಡಲು ಕಾರಣ ಉಳಿಯುವುದಿಲ್ಲ. ಸಹಾಯಕನಿಗೆ ಇನ್ನೊಂದು ಶಿರಸ್ತ್ರಾಣವಿಲ್ಲದಿದ್ದರೆ ಕಪ್ಪು ಗಾಜಿನ ಕೈಗುರಾಣಿಯನ್ನು ಅವನಿಗೆ ಕೊಡಬಹುದು.

## ತಪ್ಪು ತಿಳಿವಳಿಕೆಗಳು

* ಸಾಮಾನ್ಯ ಕಪ್ಪು ಕನ್ನಡಕ ಸಾಕು ಎಂಬುದು. ಬಿಸಿಲಿನ ಕನ್ನಡಕವು ಚಾಪದ ಬೆಳಕಿಗೆ ಅತ್ಯಲ್ಪ ತಡೆ. ಅದರ ಕಪ್ಪಿನ ಹಿಂದೆ ಪಾಪೆ ಅಗಲವಾಗುವುದರಿಂದ, ಕಿರಣ ತಡೆಯುವ ಗುಣವಿಲ್ಲದ ಕನ್ನಡಕವು ಹಾನಿಯನ್ನು ಹೆಚ್ಚಿಸಲೂಬಹುದು.
* ಶೋಧಕವು ತಡವಾಗಿ ಕಪ್ಪಾದರೆ ಆರ್ಕ್ ಐ ಬರುತ್ತದೆ ಎಂಬುದು. ಮಾನಕಕ್ಕೆ ಒಳಪಟ್ಟ ಶೋಧಕದಲ್ಲಿ ನೇರಳಾತೀತ ಕಿರಣವು ತಿಳಿ ಸ್ಥಿತಿಯಲ್ಲಿಯೂ ತಡೆಯಲ್ಪಡುತ್ತದೆ. ತಡವಾಗಿ ಕಪ್ಪಾಗುವುದರಿಂದ ಬರುವುದು ಕಣ್ಣಿನ ಆಯಾಸ. ಶಿರಸ್ತ್ರಾಣ ಧರಿಸಿಯೂ ಆರ್ಕ್ ಐ ಬಂದರೆ, ಬದಿಯಿಂದ ಅಥವಾ ಕೆಳಗಿನಿಂದ ಬೆಳಕು ನುಗ್ಗಿದೆಯೇ, ಕವಚ ಎತ್ತಿರುವಾಗ ಪಕ್ಕದ ಚಾಪವು ಕಣ್ಣಿಗೆ ಬಿದ್ದಿದೆಯೇ ಎಂದು ಪರಿಶೀಲಿಸಬೇಕು.
* ಚಾಪದ ಬೆಳಕಿಗೆ ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿಗೆ ಅಂಟಿಕೊಳ್ಳುತ್ತದೆ ಎಂಬುದು. ಇದು ಹಬ್ಬಿದ ಕಥೆ, ಇದಕ್ಕೆ ಆಧಾರವಿಲ್ಲ.
* ಹಸಿ ಆಲೂಗಡ್ಡೆಯ ಹೋಳು ಇಟ್ಟರೆ ಆರ್ಕ್ ಐ ವಾಸಿಯಾಗುತ್ತದೆ ಎಂಬುದು. ತಂಪು ಹಿತವೆನಿಸಬಹುದು, ಆದರೆ ಹಾನಿಗೊಂಡ ಕಾರ್ನಿಯಕ್ಕೆ ಹಸಿ ಪದಾರ್ಥ ತಾಗಿದರೆ ಸೋಂಕು ತಗಲುವ ಸಂಭವವಿದೆ. ನೋವು ಮರೆಸುವ ಅರಿವಳಿಕೆಯ ಹನಿಗಳನ್ನು ಸ್ವಂತವಾಗಿ ಪದೇ ಪದೇ ಹಾಕಿಕೊಂಡರೆ ಕಾರ್ನಿಯದ ಗಾಯ ಮಾಯುವುದು ತಡವಾಗುತ್ತದೆ. ನೋವು ತೀವ್ರವಾಗಿದ್ದರೆ, ದೃಷ್ಟಿ ಮಂದವಾಗಿದ್ದರೆ ಅಥವಾ ಎರಡು ದಿನಗಳಲ್ಲಿ ಗುಣವಾಗದಿದ್ದರೆ ನೇತ್ರವೈದ್ಯರನ್ನು ಕಾಣಬೇಕು.